ಅಳತೆ ರವಿಕೆಯೂ ಬ್ರೇಕ್ ಪೈಪೂ

ಗೆಳತಿಯರೇ, ಈ ಸಲ ನಿಮ್ಮನ್ನು ಅಡುಗೆಮನೆಯಿಂದ ನೇರವಾಗಿ ನಮ್ಮ ಹಿತ್ತಲಿನ ಷೆಡ್ಡಿಗೆ ಕರೆದುಕೊಂಡು ಹೋಗ್ತೀನಿ. ಸೆರಗು ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಿ, ನೆಲದ ಮೇಲೆಲ್ಲ ಎಣ್ಣೆ ಇದೆ. "ಕಾರಿನ ವಿಷಯ ನಮಗ್ಯಾಕೆ?" ಅಂತ ಪುಟ ಮಗುಚಬೇಡಿ. ನಾನೂ ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದವಳೇ.

ನಮ್ಮ ಮಾವನವರು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. 1974ರಲ್ಲಿ ತೋಟ ಕೈ ಬದಲಾಯಿತು. ಹಳೆಯ ಧಣಿಗಳು ಹೋಗುವಾಗ ಬಾಕಿ ಸಂಬಳಕ್ಕೆ ಬದಲಾಗಿ ಕೊಟ್ಟಿದ್ದು ಒಂದು ಕಾರು. 1952ರ ಎಂ.ಜಿ. ಟಿ.ಡಿ. ಇಬ್ಬರೇ ಕೂರಬಹುದು. ತಲೆ ಮೇಲೆ ಮಡಚೋ ಕ್ಯಾನ್ವಾಸು, ಬಾಗಿಲಿಗೆ ಏರಿಸಿ ಇಳಿಸೋ ಗಾಜಿಲ್ಲ, ಬಾಗಿಲು ತೆರೆಯುವುದೂ ಹಿಂದುಮುಂದು. ನಾನು 2001ರಲ್ಲಿ ಈ ಮನೆಗೆ ಸೊಸೆಯಾಗಿ ಬಂದಾಗ ಅದರ ಮೇಲೆ ಅಡಿಕೆ ಹಾಳೆ ಪೇರಿಸಿದ್ದರು, ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಎಂ.ಜಿ. ಅಂದರೆ ಬೆಂಗಳೂರಿನ ಎಂ.ಜಿ. ರೋಡಿನ ಹಾಗೆ ಮಹಾತ್ಮ ಗಾಂಧಿ ಹೆಸರೇ ಇರಬೇಕು ಅಂದುಕೊಂಡಿದ್ದೆ! ಅಲ್ಲವಂತೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮಾರಿಸ್ ಗ್ಯಾರೇಜಸ್ ಅಂತ ಒಂದು ಮಾರಾಟದ ಅಂಗಡಿ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸೆಸಿಲ್ ಕಿಂಬರ್ ಅನ್ನುವವರು ಕಟ್ಟಿಸಿದ ಕಾರುಗಳಿಗೆ ಆ ಎರಡು ಅಕ್ಷರ ಬಂತು. ನಮ್ಮದು ತಯಾರಾಗಿದ್ದು ಅಲ್ಲೇ ಹತ್ತಿರದ ಆಬಿಂಗ್‌ಡನ್ ಕಾರ್ಖಾನೆಯಲ್ಲಿ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ವೇಗ ಬೇಕು, ಆದರೆ ಭದ್ರವಾಗಿ, ಅನ್ನುವುದೇ ಆ ಕಂಪನಿಯ ಘೋಷವಾಕ್ಯವಂತೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮಾವನವರು 2016ರಲ್ಲಿ ತೀರಿಕೊಂಡರು. "ಅಪ್ಪನ ಕಾರು ಒಂದು ಸಲ ಓಡಬೇಕು" ಅಂತ ನಮ್ಮವರ ಮನಸ್ಸಿನಲ್ಲಿ ಕೂತುಬಿಟ್ಟಿತು. 2021ರಲ್ಲಿ ಕೋಳಿಯನ್ನು ಓಡಿಸಿ ಕೆಲಸ ಶುರು ಮಾಡಿದರು. ಕೆಂಪು ಬಣ್ಣ ಹೊಡೆಸಿದರು, ಸೀಟಿಗೆ ಹೊಸ ಚರ್ಮ ಹಾಕಿಸಿದರು, ಮುಂದಿನ ಜಾಲರಿ ಕನ್ನಡಿಯ ಹಾಗೆ ಹೊಳೆಯಿತು. ಬೀದಿಯವರೆಲ್ಲ ಬಂದು ಫೋಟೋ ತೆಗೆಸಿಕೊಂಡರು. ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ, ಮಂಜುನಾಥನ ದರ್ಶನ ಮಾಡಿ, ಅಲ್ಲಿನ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನೂ ನೋಡಿಕೊಂಡು ಬರೋಣ ಅಂತ ಮಾತಾಯಿತು. ನಾನೂ ಹೂಂ ಅಂದೆ.

2024ರ ಮೇ ತಿಂಗಳು. ಒಂದು ಸಂಜೆ ಅಂಗಡಿಯಿಂದ ಬಂದು ನೋಡ್ತೀನಿ, ಗೇಟಿನ ಪಕ್ಕದ ದಾಸವಾಳದ ಬೇಲಿ ಮುರಿದು ಬಿದ್ದಿದೆ. ಅದರಾಚೆ ತೆಂಗಿನ ಸಿಪ್ಪೆಯ ರಾಶಿ ಚೆಲ್ಲಾಪಿಲ್ಲಿ. "ಏನ್ರೀ ಇದು?" ಅಂದರೆ "ದನ ನುಗ್ಗಿತ್ತು ಕಣೇ" ಅಂದರು. ದನ ನುಗ್ಗಿದರೆ ಗೊರಸಿನ ಗುರುತು ಇರಬೇಕಲ್ಲ? ಅಲ್ಲಿದ್ದದ್ದು ಟೈರಿನ ಗುರುತು. ಷೆಡ್ಡಿನಿಂದ ಗೇಟಿನವರೆಗೆ ಸಿಮೆಂಟಿನ ಮೇಲೆ ಹನಿ ಹನಿ ಬಿದ್ದ ಒದ್ದೆ ಗೆರೆ. ಮುಟ್ಟಿ ನೋಡಿದೆ, ಜಾರುತ್ತಿತ್ತು.

ರಾತ್ರಿ ಊಟಕ್ಕೆ ಬಡಿಸುವಾಗ ಬಾಯಿ ಬಿಟ್ಟರು. ಇಳಿಜಾರಿನಲ್ಲಿ ಒಂದು ಸುತ್ತು ನೋಡೋಣ ಅಂತ ತೆಗೆದರಂತೆ. ಬ್ರೇಕ್ ಒತ್ತಿದರೆ ಪೆಡಲು ನೇರ ನೆಲಕ್ಕೆ ಹೋಯಿತಂತೆ, ತಡೆಯೇ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದದ್ದರಿಂದ ಸಿಪ್ಪೆ ರಾಶಿಗೆ ಹೋಗಿ ನಿಂತಿತಂತೆ. ಗೆಳತಿಯರೇ, ಆ ಸಿಪ್ಪೆ ರಾಶಿಯ ಹತ್ತಿರವೇ ಪಕ್ಕದ ಮನೆಯ ಮೂರು ವರ್ಷದ ಪುಟ್ಟಿ ದಿನಾ ಸಂಜೆ ಮಣ್ಣಾಟ ಆಡುವುದು. ಅವತ್ತು ಅದಕ್ಕೆ ಜ್ವರ, ಮನೆಯೊಳಗೆ ಮಲಗಿತ್ತು. ಅಷ್ಟೇ ನಮ್ಮ ಪುಣ್ಯ.

ಸಾರಿನ ಸೌಟು ನನ್ನ ಕೈಯಲ್ಲೇ ಉಳಿಯಿತು. ಕಾರು ಕೆಟ್ಟದ್ದಕ್ಕಿಂತ "ದನ ನುಗ್ಗಿತ್ತು" ಅಂದದ್ದು ಹೆಚ್ಚು ನೋವಾಯಿತು. "ನಾಳೆ ನಾನೂ ಮಗಳೂ ಅದರಲ್ಲಿ ಕೂರೋರಲ್ವಾ?" ಅಂತ ಕೇಳಿದೆ. ಅವರು ತಟ್ಟೆ ನೋಡಿಕೊಂಡು ಕೂತರು. ಅವತ್ತು ಮಜ್ಜಿಗೆ ಯಾರಿಗೂ ಬೇಕಾಗಲಿಲ್ಲ.

ಮಾರನೇ ದಿನ ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಹಿರಿಯ ಮೇಸ್ತ್ರಿ ಬಂದರು. ಕಾರಿನಡಿ ತೂರಿ, ಹಿಂದಿನ ಅಚ್ಚಿನ ಮೇಲಿಂದ ಒಂದು ಪೈಪು ಬಿಚ್ಚಿ ತಂದರು. ಪೆನ್ಸಿಲಿಗಿಂತ ತೆಳ್ಳಗಿನ ಕಬ್ಬಿಣದ ಪೈಪು. ಮೇಲಿಂದ ಚೆನ್ನಾಗೇ ಕಾಣುತ್ತಿತ್ತು, ಬಣ್ಣವೂ ಹೊಡೆದಿತ್ತು. ಕ್ಲಿಪ್ಪು ಹಿಡಿದಿದ್ದ ಜಾಗದಲ್ಲಿ ಮಾತ್ರ ತುಕ್ಕು ತಿಂದು ತೂತು. ಕ್ಲಿಪ್ಪಿನ ಅಡಿಯಲ್ಲಿ ತೇವ ನಿಂತು, ಹೊರಗೆ ಕಾಣದ ಹಾಗೆ ಒಳಗೊಳಗೇ ತಿಂದಿತ್ತು.

"ಇದೊಂದು ಪೈಪ್ ಬದಲಾಯಿಸಿದ್ರೆ ಆಯ್ತಲ್ಲ" ಅಂದರು ನಮ್ಮವರು. ದುಡ್ಡೆಲ್ಲ ಬಣ್ಣಕ್ಕೆ, ಚರ್ಮಕ್ಕೆ ಹೋಗಿತ್ತು, ಪಾಪ. ಮೇಸ್ತ್ರಿ ನನ್ನ ಕಡೆ ತಿರುಗಿ, "ಅಮ್ಮಾ, ಹಳೇ ಸೀರೆ ಒಂದು ಕಡೆ ಪಿಸಿದ್ರೆ ಹೊಲೀತೀರಿ. ಇನ್ನೊಂದು ಕಡೆ ಪಿಸಿಯಲ್ಲ ಅಂತ ಹೇಳೋಕಾಗುತ್ತಾ? ಎಲ್ಲಾ ಪೈಪೂ ಒಂದೇ ವಯಸ್ಸಿನವು" ಅಂದರು. ಆ ಮಾತು ನನಗೆ ಅರ್ಥವಾಯಿತು.

ಬ್ರೇಕ್ ಹೇಗೆ ಕೆಲಸ ಮಾಡುತ್ತೆ ಅಂತ ಅವರನ್ನೇ ಕೇಳಿದೆ. ಬಲು ಸರಳ. ಪೆಡಲ್ ಒತ್ತಿದರೆ ಕಾಲಡಿಯ ಹಲಗೆಯ ಕೆಳಗಿರುವ ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ಆಯಿಲ್ ಮುಂದಕ್ಕೆ ತಳ್ಳಿಸಿಕೊಳ್ಳುತ್ತೆ. ಅದು ಪೈಪಿನಲ್ಲಿ ಹೋಗಿ ನಾಲ್ಕೂ ಚಕ್ರದ ಒಳಗೆ ಬ್ರೇಕ್ ಷೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತೆ. ದ್ರವವನ್ನು ಮುಚ್ಚಿದ ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತೆ ಅಂತ 17ನೇ ಶತಮಾನದಲ್ಲೇ ಫ್ರಾನ್ಸಿನ ಪ್ಯಾಸ್ಕಲ್ ಹೇಳಿದ್ದರು. ನಾವು ಹೈಸ್ಕೂಲಿನಲ್ಲಿ ಉರು ಹೊಡೆದು ಮರೆತ ಪಾಠವೇ ಇದು! ನಾಲ್ಕೂ ಚಕ್ರಕ್ಕೆ ಇಂಥ ಬ್ರೇಕ್ ಹಾಕಿ ಮಾರಾಟಕ್ಕೆ ಬಿಟ್ಟದ್ದು 1921ರಲ್ಲಿ, ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿ. ಅದರ ಹಿಂದಿನ ಬುದ್ಧಿ ಮಾಲ್ಕಂ ಲಾಕ್‌ಹೆಡ್ ಅನ್ನುವವರದು.

ಆದರೆ ಹಳೆಯ ಕಾರುಗಳಲ್ಲಿ ಒಂದು ತೊಡಕಿದೆ. ನಾಲ್ಕೂ ಚಕ್ರಕ್ಕೆ ಇರುವುದು ಒಂದೇ ಹಾದಿ. ಈಗಿನ ಕಾರುಗಳಲ್ಲಿ ಎರಡು ಹಾದಿ ಇರುತ್ತೆ, ಒಂದು ಸೋರಿದರೂ ಇನ್ನೊಂದು ಕೈ ಹಿಡಿಯುತ್ತೆ. ನಮ್ಮ ಎಂ.ಜಿ.ಯಲ್ಲಿ ಎಲ್ಲಿ ಒಂದು ತೂತು ಬಿದ್ದರೂ ನಾಲ್ಕೂ ಬ್ರೇಕು ಹೋದ ಹಾಗೇ. ಹ್ಯಾಂಡ್ ಬ್ರೇಕ್ ಮಾತ್ರ ಬೇರೆ ತಂತಿಯಲ್ಲಿ ಎಳೆಯೋದು. ಅದಕ್ಕೇ ಅವತ್ತು ಸಿಪ್ಪೆ ರಾಶಿಯಲ್ಲಾದರೂ ನಿಂತಿದ್ದು.

ನನ್ನ ಚೀಟಿ ದುಡ್ಡು ಬಂದಿತ್ತು. ಒಂದು ಜೊತೆ ಬಳೆ ಮಾಡಿಸಿಕೊಳ್ಳಬೇಕು ಅಂತ ಎರಡು ವರ್ಷ ಕಟ್ಟಿದ್ದು. ಒಂದು ರಾತ್ರಿ ಯೋಚನೆ ಮಾಡಿದೆ. ಬೆಳಿಗ್ಗೆ ಕವರನ್ನು ಕಾಫಿ ಲೋಟದ ಪಕ್ಕ ಇಟ್ಟು ಹೇಳಿದೆ: "ಒಂದು ಪೈಪ್ ಅಲ್ಲ, ಎಲ್ಲಾ ಪೈಪ್. ರಬ್ಬರ್ ಹೋಸು, ಚಕ್ರದೊಳಗಿನ ರಬ್ಬರು, ಎಲ್ಲಾ ಹೊಸದು. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ. ಇನ್ನು ಮೇಲೆ ನಮ್ಮನೆಗೆ ದನ ನುಗ್ಗಬಾರದು." ನಮ್ಮವರು ನಗಲಿಲ್ಲ. "ಆಯ್ತು" ಅಂದರು.

ಹೀಗೆ ನಾನು ಷೆಡ್ಡಿನ ಕೆಲಸದವಳಾದೆ. ಮೊದಲ ದಿನ ಪೈಪಿನ ನಟ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟರು, ನಾವು ಅವರೆಕಾಳು ನೆನೆಹಾಕುವ ಹಾಗೆ. ಅವಸರ ಮಾಡಿದರೆ ನಟ್ಟಿನ ಮೂಲೆ ಸವೆದು ಸ್ಪ್ಯಾನರಿಗೆ ಸಿಗುವುದಿಲ್ಲವಂತೆ. ಬಿಚ್ಚಿದ ಒಂದೊಂದು ಪೈಪಿಗೂ ನಾನು ಸಾಂಬಾರು ಡಬ್ಬಿಗೆ ಅಂಟಿಸುವ ಚೀಟಿ ಅಂಟಿಸಿದೆ: "ಮುಂದೆ ಎಡ", "ಹಿಂದೆ ಬಲ" ಅಂತ. ಬಿಚ್ಚೋ ಮುಂಚೆ ಮಗಳು ಎಲ್ಲದರ ಫೋಟೋ ತೆಗೆದಿಟ್ಟಳು.

ಹಳೇ ಪೈಪುಗಳನ್ನು ಎಸೆಯಲು ಹೋದೆ. ಮೇಸ್ತ್ರಿ ಕೈ ತಡೆದರು. "ಅಮ್ಮಾ, ಟೈಲರ್ ಹತ್ರ ಹೋಗುವಾಗ ಅಳತೆ ರವಿಕೆ ಒಯ್ಯಲ್ವಾ? ಇದೇ ನಮಗೆ ಅಳತೆ ರವಿಕೆ." ಹೊಸ ಪೈಪನ್ನು ಹಳೆಯದರ ಪಕ್ಕ ಮಲಗಿಸಿ, ಒಂದೊಂದು ತಿರುವನ್ನೂ ಹಾಗೇ ಬಗ್ಗಿಸಬೇಕು. ತುಂಡಾಗಿ ಹೋಗಿದ್ದ ಪೈಪಿಗೆ ಬಟ್ಟೆ ಒಣಹಾಕುವ ತಂತಿಯಿಂದ ಅಳತೆ ತೆಗೆದರು. ಚೂಪಾಗಿ ಬಗ್ಗಿಸಿದರೆ ಪೈಪು ಮುದುಡಿ ದಾರಿ ಮುಚ್ಚಿಕೊಳ್ಳುತ್ತೆ. ಅದಕ್ಕೆ ನನ್ನ ಗಾಜಿನ ಬಾಟಲಿಗಳ ಸುತ್ತ ನಿಧಾನಕ್ಕೆ ಬಗ್ಗಿಸಿದರು.

ಯಾವ ಪೈಪು ಹಾಕೋದು ಅಂತ ದೊಡ್ಡ ಚರ್ಚೆ. ಫ್ರಿಜ್ಜಿಗೆ ಹಾಕುವ ತಾಮ್ರದ ಪೈಪು ಊರಲ್ಲೇ ಅಗ್ಗಕ್ಕೆ ಸಿಗುತ್ತೆ ಅಂತ ಯಾರೋ ಹೇಳಿದ್ದರು. ಮೇಸ್ತ್ರಿ ಸುತಾರಾಂ ಒಪ್ಪಲಿಲ್ಲ. ಬರೀ ತಾಮ್ರ ಅದುರಿ ಅದುರಿ ಗಡುಸಾಗಿ ಒಂದು ದಿನ ಸೀಳುತ್ತೆ, ಬ್ರೇಕಿನ ಒತ್ತಡಕ್ಕೆ ಮಾಡಿದ್ದೇ ಬೇಕು ಅಂದರು. ಕೊನೆಗೆ ತಾಮ್ರಕ್ಕೆ ನೂರಕ್ಕೆ ಹತ್ತರಷ್ಟು ನಿಕಲ್ ಬೆರೆಸಿದ ಬ್ರೇಕ್ ಪೈಪನ್ನೇ ತರಿಸಿದೆವು. ಅದಕ್ಕೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತೆ. ಬೆಲೆ ಜಾಸ್ತಿ, ಬಳೆಯ ಒಂದು ಸುತ್ತು ಅಲ್ಲೇ ಹೋಯಿತು ಅನ್ನಿ!

ಪೈಪಿನ ತುದಿಯನ್ನು ಅಗಲಿಸಿ ಮಡಿಸಬೇಕು, ಆಗಲೇ ಜೋಡಣೆಯಲ್ಲಿ ಸೋರುವುದಿಲ್ಲ. ಅದು ಒಂದು ಮಡಿಕೆ ಆದರೆ ಸೀಳುತ್ತೆ, ಎರಡು ಮಡಿಕೆ ಬೇಕು. ಕರವಸ್ತ್ರದ ಅಂಚನ್ನು ಒಂದೇ ಮಡಿಕೆ ಮಡಿಸಿ ಹೊಲಿದರೆ ದಾರ ಬಿಟ್ಟುಕೊಳ್ಳಲ್ವೇ, ಹಾಗೇ. ನಮ್ಮವರು ಮೊದಲ ಪೈಪಿನ ಎರಡೂ ತುದಿ ಅಂದವಾಗಿ ಮಡಿಸಿ ಎತ್ತಿ ತೋರಿಸಿದರು. ನೋಡಿದರೆ ನಟ್ಟು ಪೋಣಿಸುವುದನ್ನೇ ಮರೆತಿದ್ದರು! ಎರಡೂ ತುದಿ ಅಗಲವಾದ ಮೇಲೆ ನಟ್ಟು ಹೋಗುವುದೆಲ್ಲಿಂದ? ಲಂಗದ ನೇಫೆಯ ಬಾಯನ್ನೇ ಹೊಲಿದುಬಿಟ್ಟು ಲಾಡಿ ಪೋಣಿಸಲು ಹೋದ ಕಥೆ. ಆ ರಾತ್ರಿಯ ನಂತರ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಇನ್ನು ರಬ್ಬರ್ ಹೋಸುಗಳು. ಚಕ್ರ ಅಲ್ಲಾಡುವ ಕಡೆ ಗಟ್ಟಿ ಪೈಪು ಹಾಕುವಂತಿಲ್ಲ. ಅದಕ್ಕೆ ಮುಂದೆ ಎರಡು, ಹಿಂದಿನ ಅಚ್ಚಿಗೆ ಒಂದು, ಒಟ್ಟು ಮೂರು ಹೋಸು. ಹೊರಗಡೆ ಚೆನ್ನಾಗಿದ್ದ ಒಂದನ್ನು ಮೇಸ್ತ್ರಿ ಸೀಳಿ ತೋರಿಸಿದರು. ಒಳಗೆ ಊದಿಕೊಂಡು ಸೂಜಿಯಷ್ಟೇ ದಾರಿ ಉಳಿದಿತ್ತು. ಹೀಗಾದರೆ ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ವಾಪಸ್ಸು ಬರುವುದಿಲ್ಲ, ಬ್ರೇಕ್ ಹಿಡಿದುಕೊಂಡೇ ಇರುತ್ತೆ. ಹೊಸ ಹೋಸು ಹಾಕಿದ ಮೇಲೆ ಸ್ಟೇರಿಂಗನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಅದು ತಿರುಚಿಲ್ಲ, ಟೈರಿಗೆ ಉಜ್ಜುವುದಿಲ್ಲ ಅಂತ ನೋಡಿದರು. ಪೈಪುಗಳನ್ನು ಸೈಲೆನ್ಸರಿನ ಬಿಸಿಯಿಂದ ದೂರ ಒಯ್ದು, ಅಲ್ಲಾಡದಂತೆ ಕ್ಲಿಪ್ಪು ಹಾಕಿದರು.

ಬ್ರೇಕ್ ಆಯಿಲ್ ಅನ್ನುತ್ತೇವೆ ನಿಜ, ಅದು ನಮ್ಮ ಎಣ್ಣೆಯಂಥದಲ್ಲ. ಬ್ರೇಕಿನ ರಬ್ಬರಿಗೆ ಎಂಜಿನ್ ಆಯಿಲ್ಲೋ ಸೀಮೆಎಣ್ಣೆಯೋ ತಾಗಿದರೆ ಊದಿ ಹಾಳು. ಬಣ್ಣದ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಬಣ್ಣವೇ ಸುಲಿಯುತ್ತೆ. ನಮ್ಮ ಕೆಂಪು ಮಡ್‌ಗಾರ್ಡಿನ ಮೇಲೆ ನಾಲ್ಕು ಹನಿ ಬಿತ್ತು, ನಾನು ಓಡಿಹೋಗಿ ಒಂದು ತಂಬಿಗೆ ನೀರು ಸುರಿದೆ. ಅದೇ ಸರಿಯಾದ ಉಪಾಯವಂತೆ, ಬಟ್ಟೆಯಲ್ಲಿ ಒರೆಸಿದ್ದರೆ ಇನ್ನಷ್ಟು ಹರಡುತ್ತಿತ್ತು.

ಇನ್ನೊಂದು ಗುಣ ನಮಗೆ ಗೊತ್ತಿರಲೇಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ ಡಾಟ್ 3, ಡಾಟ್ 4 ಅನ್ನುವ ಬ್ರೇಕ್ ಆಯಿಲ್, ಮಳೆಗಾಲದ ಉಪ್ಪಿನ ಹಾಗೆ, ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 4 ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತೆ. ಚಾರ್ಮಾಡಿಯಂಥ ಘಾಟಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಡ್ರಮ್ಮು ಕಾದು ಆಯಿಲ್ ಕುದಿಯಬಹುದು. ಕುದಿದರೆ ಆವಿ. ಆವಿಯೂ ಗಾಳಿಯೂ ಒತ್ತಿದರೆ ಕುಗ್ಗುತ್ತವೆ. ನಮ್ಮ ಕಾಲಿನ ಬಲ ಅವನ್ನು ಕುಗ್ಗಿಸುವುದರಲ್ಲೇ ಮುಗಿದು, ಚಕ್ರಕ್ಕೆ ತಲುಪುವುದೇ ಇಲ್ಲ. ಇದಕ್ಕೇ ಹಿಂದಿನ ಡ್ರೈವರುಗಳು ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ ಹೇಳುತ್ತಿದ್ದದ್ದು.

ಕೊನೆಯ ಕೆಲಸ, ಪೈಪಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲಿಗೆ, ಒಬ್ಬರು ಚಕ್ರದ ಹತ್ತಿರ. ಮೇಸ್ತ್ರಿ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ಪೆಡಲಿಗೆ ನಾನೇ ಕೂತೆ. ನಮ್ಮವರು ಚಕ್ರದ ಹಿಂದಿನ ನಿಪ್ಪಲಿಗೆ ಒಂದು ಪಾರದರ್ಶಕ ಟ್ಯೂಬು ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಯಿಲ್ ಹಾಕಿದ್ದ ಹಾರ್ಲಿಕ್ಸ್ ಬಾಟಲಿಯಲ್ಲಿ ಮುಳುಗಿಸಿದರು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು. ನಮ್ಮದರಲ್ಲಿ ಹಿಂದಿನ ಎಡ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

"ಒತ್ತು!"

"ಒತ್ತಿದೆ ರೀ!"

ನಿಪ್ಪಲು ತೆರೆದರು. ಪೆಡಲು ಕೆಳಗಿಳಿಯಿತು, ಬಾಟಲಿಯಲ್ಲಿ ಗುಳುಗುಳು ಗುಳ್ಳೆ. ನಿಪ್ಪಲು ಮುಚ್ಚಿದರು.

"ಹಾಂ, ಬಿಡು!"

ಮುಚ್ಚಿದೆ ಅನ್ನುವವರೆಗೆ ಕಾಲು ಎತ್ತುವಂತಿಲ್ಲ. ಎತ್ತಿದರೆ ಗಾಳಿ ವಾಪಸ್ಸು ಒಳಗೆ. ಒಂದು ಸಲ ಒಲೆ ಮೇಲೆ ಹಾಲಿಟ್ಟದ್ದು ನೆನಪಾಗಿ ನಾನು ಕಾಲು ತೆಗೆದುಬಿಟ್ಟೆ. ಆ ಚಕ್ರವನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಹಾಲೂ ಉಕ್ಕಿತು. ನಡುನಡುವೆ ಮೇಸ್ತ್ರಿ ಆಯಿಲ್ ತುಂಬುತ್ತಲೇ ಇದ್ದರು, ಬರಿದಾದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತೆ.

ಮೊದಲು ಪೆಡಲು ಹತ್ತಿಯ ದಿಂಬು ತುಳಿದ ಹಾಗಿತ್ತು. ನಾಲ್ಕನೇ ಚಕ್ರ ಮುಗಿಯುವ ಹೊತ್ತಿಗೆ ಕಾಲಡಿ ಕಲ್ಲು ಸಿಕ್ಕ ಹಾಗೆ ಗಟ್ಟಿಯಾಯಿತು. ಆ ಗಟ್ಟಿತನ ನನ್ನ ಕಾಲಿಗೇ ಗೊತ್ತಾಯಿತು, ಯಾರೂ ಹೇಳಬೇಕಾಗಲಿಲ್ಲ. ನಮ್ಮವರು ಚಕ್ರದ ಹಿಂದಿನಿಂದ ಎದ್ದು ಬಂದು, ಮಸಿ ಕೈ ಒರೆಸಿಕೊಳ್ಳುತ್ತಾ, "ಅವತ್ತೇ ಹೇಳಬೇಕಿತ್ತು. ಹೆದರಿಕೆಯಾಗಿತ್ತು ಕಣೇ, ನಾಚಿಕೆಯೂ ಆಗಿತ್ತು" ಅಂದರು. "ಕಾಲು ತೆಗೀಲಾ?" ಅಂತ ಕೇಳಿದೆ. "ತೆಗಿ" ಅಂದರು. ನಮ್ಮ ರಾಜಿ ಅಷ್ಟರಲ್ಲೇ ಮುಗಿಯಿತು.

ರಾತ್ರಿಯಿಡೀ ಕಾರಿನಡಿ ಹಳೇ ಪೇಪರು ಹಾಸಿಟ್ಟೆವು. ಬೆಳಿಗ್ಗೆ ನಾನು ಪೆಡಲನ್ನು ಬಲವಾಗಿ ಒತ್ತಿ ಹಿಡಿದೆ, ಅವರು ಒಂದೊಂದು ಜೋಡಣೆಗೂ ತೆಳು ಕಾಗದ ತಾಗಿಸಿ ನೋಡಿದರು. ಒಂದು ಹನಿಯೂ ಇರಲಿಲ್ಲ.

ಮಳೆಗಾಲ ಕಳೆದ ಮೇಲೆ ಧರ್ಮಸ್ಥಳಕ್ಕೆ ಹೊರಟೆವು. ಎಂ.ಜಿ.ಯಲ್ಲಿ ನಾವಿಬ್ಬರು, ಮಗಳೂ ಮೇಸ್ತ್ರಿಯೂ ಹಿಂದಿನ ಕಾರಿನಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದೆವು, ಸಣ್ಣ ಗೇರಿನಲ್ಲಿ, ನಿಧಾನವಾಗಿ. ತಿರುವು ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಕಾರು ಕೇಳಿದಲ್ಲೆಲ್ಲ ನಿಂತಿತು. ದರ್ಶನ ಮುಗಿಸಿ ಮಂಜೂಷಾಕ್ಕೆ ಹೋದಾಗ ಎಲ್ಲರೂ ಹಳೆಯ ಕಾರುಗಳ ಹೊಳಪು ನೋಡುತ್ತಿದ್ದರು. ನಾನು ಬಗ್ಗಿ ಅಡಿಯಲ್ಲಿ ನೋಡುತ್ತಿದ್ದೆ. ಮಗಳು "ಅಮ್ಮಾ, ಏಳು, ಎಲ್ಲಾ ನೋಡ್ತಿದ್ದಾರೆ" ಅಂತ ಸೆರಗು ಎಳೆದಳು.

ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿದೆ, ಹೇಳಿ? ಆದರೆ ಸ್ಕೂಟರೋ ಕಾರೋ ಇರುತ್ತೆ, ಗ್ಯಾಸ್ ಅಂತೂ ಇದ್ದೇ ಇರುತ್ತೆ. ಅದಕ್ಕೆ ನಾಲ್ಕು ಕಿವಿಮಾತು:

1. ಗಾಡಿಯ ಬ್ರೇಕ್ ಪೆಡಲು ಮೆತ್ತಗಾದರೆ, ಮೊದಲಿಗಿಂತ ಕೆಳಗೆ ಹೋದರೆ, ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.

2. ಸರ್ವೀಸಿಗೆ ಬಿಟ್ಟಾಗ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತು ಅಂತ ಕೇಳಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ತೆರೆದಿಟ್ಟ ಹಳೇ ಡಬ್ಬಿಯದು ಹಾಕಿಸಬೇಡಿ.

3. ಬ್ರೇಕ್ ಆಯಿಲ್ ವಿಷ. ಅದನ್ನು ಜ್ಯೂಸಿನ, ನೀರಿನ ಬಾಟಲಿಗೆ ಎಂದೂ ತುಂಬಬೇಡಿ. ನಮ್ಮ ಹಾರ್ಲಿಕ್ಸ್ ಬಾಟಲಿಯನ್ನು ಕೆಲಸ ಮುಗಿದ ಕೂಡಲೇ ಒಡೆದು ಹಾಕಿದೆ.

4. ಅಡುಗೆಮನೆಯ ಗ್ಯಾಸ್ ಟ್ಯೂಬಿಗೂ ವಯಸ್ಸಾಗುತ್ತೆ. ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಮೇಲೆ ಬಿರುಕಿಲ್ಲ ಅಂತ ಸುಮ್ಮನಿರಬೇಡಿ.

ಬಳೆ ಏನಾಯಿತು ಅಂತ ಕೇಳ್ತೀರಾ? ಹೊಸ ಚೀಟಿ ಹಾಕಿದ್ದೀನಿ. ಈ ಸಲ ಅರ್ಧ ಕಂತು ನಮ್ಮವರೇ ಕಟ್ಟುತ್ತಿದ್ದಾರೆ. ಬರಲಿ, ನಿಧಾನವಾಗಿ ಬರಲಿ. ನೀವು ಮಾತ್ರ ಈ ಪುಟ ಮಗುಚುವ ಮುಂಚೆ ಎದ್ದು ಹೋಗಿ, ಆ ಗ್ಯಾಸ್ ಟ್ಯೂಬನ್ನೊಮ್ಮೆ ನೋಡಿ ಬನ್ನಿ.